ಮಲನಿಯಂತ್ರಣ: ಬಾಗಿಲಷ್ಟೇ ಸಾಲದು

ಭಾಲ್ಕಿ ತಾಲ್ಲೂಕಿನ ಮೆಹಕರದ ಕಡೆಯವರಿಗೆ ಕಾರಂಜಾ ಜಲಾಶಯ ಪರಿಚಿತ. ಜಲಾಶಯಕ್ಕೆ ಭದ್ರವಾದ ಗೇಟುಗಳಿದ್ದರೆ ಸಾಕೆ? ನೀರು ನಿಲ್ಲಲು ಹರವಾದ ಜಾಗ ಬೇಕು, ಮಟ್ಟ ಏರಿದ್ದನ್ನು ತಿಳಿಸುವ ವ್ಯವಸ್ಥೆಯೂ ಬೇಕು. ನಮ್ಮ ದೇಹದ ಮಲಾಶಯಕ್ಕೂ ಈ ಮೂರು ಬೇಕು. ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ಚರಿತ್ರೆ ಇದನ್ನು ನಿಧಾನವಾಗಿ ಕಲಿಸಿತು.

1908ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಮೈಲ್ಸ್ ಮಲಾಶಯ, ಗುದದ್ವಾರ ಮತ್ತು ಸುತ್ತಲಿನ ಅಂಗಾಂಶಗಳನ್ನು ಒಟ್ಟಿಗೆ ತೆಗೆಯುವ ವಿಧಾನವನ್ನು ವಿವರಿಸಿದರು. ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆಯಲಾಗುತ್ತಿತ್ತು. ಕ್ಯಾನ್ಸರ್ ಮರುಕಳಿಸದಂತೆ ತಡೆಯುವುದು ಅವರ ಗುರಿ. ಅದಕ್ಕೆ ತೆತ್ತ ಬೆಲೆ ಮಲನಿಯಂತ್ರಣ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಕ್ಲಾಡ್ ಡಿಕ್ಸನ್, ಗಡ್ಡೆ ಮೇಲ್ಭಾಗದಲ್ಲಿದ್ದರೆ ಆ ಭಾಗವನ್ನಷ್ಟೇ ಕತ್ತರಿಸಿ ಕರುಳನ್ನು ಮತ್ತೆ ಜೋಡಿಸಬಹುದೆಂದು ತೋರಿಸಿದರು. 1970ರ ದಶಕದಲ್ಲಿ ವೃತ್ತಾಕಾರದ ಸ್ಟೇಪ್ಲರ್ ಬಳಕೆಗೆ ಬಂದು, ಇನ್ನಷ್ಟು ಕೆಳಗೆ ಜೋಡಿಸುವುದು ಸುಲಭವಾಯಿತು.

ಬಾಗಿಲು ಉಳಿಯಿತು. ಆದರೂ ಅನೇಕರಿಗೆ ದಿನಕ್ಕೆ ಹಲವು ಬಾರಿ ಶೌಚ, ತಡೆಯಲಾಗದ ಅವಸರ, ಸೋರಿಕೆ. ಏಕೆ? ಹಿಗ್ಗುವ ಮಲಾಶಯದ ಜಾಗಕ್ಕೆ ಕಿರಿದಾದ ಕರುಳು ಬಂದಿತ್ತು. ನೀವು ಓದಿರುವ ಲಾಪ್ಲಾಸ್ ನಿಯಮವನ್ನು ನೆನಪಿಸಿಕೊಳ್ಳಿ: ಗೋಡೆಯ ಬಿಗಿತ ಅಷ್ಟೇ ಇದ್ದಾಗ, ಕೊಳವೆಯ ತ್ರಿಜ್ಯ ಕಡಿಮೆಯಾದರೆ ಒಳಗಿನ ಒತ್ತಡ ಹೆಚ್ಚುತ್ತದೆ. ಆ ಒತ್ತಡ ಗುದದ್ವಾರದ ಸ್ನಾಯುವಿನ ಹಿಡಿತವನ್ನು ಮೀರಿದಾಗ ಸೋರಿಕೆಯಾಗುತ್ತದೆ. 1986ರಲ್ಲಿ ಫ್ರಾನ್ಸಿನ ಎರಡು ತಂಡಗಳು ಕರುಳಿನ ತುದಿಯನ್ನು ಇಂಗ್ಲಿಷಿನ ‘ಜೆ’ ಅಕ್ಷರದಂತೆ ಮಡಿಸಿ ಹೊಲಿದು, ಪುಟ್ಟ ಚೀಲವೊಂದನ್ನು ರಚಿಸಿದವು. ಆಶಯ ಮರಳಿ ಬಂದಿತು!

ಉಳಿದದ್ದು ಅರಿವು. 1974ರಲ್ಲಿ ಅಮೆರಿಕದ ಎಂಗೆಲ್ ಮತ್ತು ಸಂಗಡಿಗರು, ಮಲನಿಯಂತ್ರಣ ತಪ್ಪಿದ ರೋಗಿಗಳ ಮಲಾಶಯದಲ್ಲಿ ಪುಟ್ಟ ಬಲೂನು ಉಬ್ಬಿಸಿ, ಒತ್ತಡದ ಏರಿಳಿತವನ್ನು ಅವರಿಗೇ ತೋರಿಸುತ್ತ ಸರಿಯಾದ ಕ್ಷಣದಲ್ಲಿ ಸ್ನಾಯು ಬಿಗಿಹಿಡಿಯಲು ಕಲಿಸಿದರು. ಇದೇ ಜೈವಿಕ ಮರುಮಾಹಿತಿ. ಇಂದು ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರವೂ ಇದನ್ನೂ ಸ್ನಾಯುಗಳ ವ್ಯಾಯಾಮವನ್ನೂ ಬಳಸುತ್ತಾರೆ. ಅದೇ 1974ರಲ್ಲಿ ಡೆಟ್ರಾಯಿಟ್‌ನ ನಾರ್ಮನ್ ನೈಗ್ರೊ, ಗುದದ್ವಾರದ ಕ್ಯಾನ್ಸರಿಗೆ ವಿಕಿರಣ ಮತ್ತು ಔಷಧಿಗಳನ್ನು ಒಟ್ಟಿಗೆ ನೀಡಿದ ಫಲಿತಾಂಶ ಪ್ರಕಟಿಸಿದರು. ಇಂದು ಆ ಕ್ಯಾನ್ಸರಿನ ಬಹುಪಾಲು ರೋಗಿಗಳಿಗೆ ಮೊದಲ ಚಿಕಿತ್ಸೆ ಇದೇ. ಬಾಗಿಲನ್ನು ಕತ್ತರಿಸುವ ಪ್ರಮೇಯವೇ ಹಲವರಿಗೆ ಬರುವುದಿಲ್ಲ.

ಮೆಹಕರದಿಂದ ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಗಂಥಿ ಸಂಸ್ಥೆಗೆ ಸುಮಾರು 700 ಕಿ.ಮೀ. ಸೋರಿಕೆಯ ಭಯವಿದ್ದವರು ಮರುತಪಾಸಣೆಗೆ ಬಸ್ಸು ಹತ್ತುವುದಾದರೂ ಹೇಗೆ? ಮದುವೆ, ಜಾತ್ರೆ, ಹೊಲದ ಕೆಲಸ ಎಲ್ಲವೂ ದೂರವಾಗುತ್ತವೆ. ನಾಚಿಕೆಯಿಂದ ರೋಗಿ ಹೇಳುವುದಿಲ್ಲ, ಬೇರೆಯವರು ಕೇಳುವುದಿಲ್ಲ. 2012ರಲ್ಲಿ ಡೆನ್ಮಾರ್ಕಿನ ವೈದ್ಯರು ಈ ತೊಂದರೆಯನ್ನು ಅಳೆಯಲು ರೂಪಿಸಿದ ಸಾಧನ ಯಾವುದು ಗೊತ್ತೆ? ಯಂತ್ರವಲ್ಲ, ಕೇವಲ ಐದು ಪ್ರಶ್ನೆಗಳು!

ಶಿಕ್ಷಕರೇ, ಜೀರ್ಣಾಂಗಗಳ ಪಾಠದಲ್ಲಿ ಮಲಾಶಯ ಬಂದಾಗ ಮಕ್ಕಳು ನಗುತ್ತಾರೆ. ನಗಲಿ. ಆಮೇಲೆ ಈ ಬಾಗಿಲು, ಆಶಯ, ಅರಿವುಗಳ ಕಥೆ ಹೇಳಿ. ನಾಳೆ ಅವರ ಮನೆಯ ಹಿರಿಯರೊಬ್ಬರು ಸಂಕೋಚಪಡದೆ ವೈದ್ಯರ ಮುಂದೆ ಬಾಯಿ ಬಿಡಲು ಅದು ನೆರವಾದೀತು.