ಕವಡೆ ಕಾಸಿನ ಕಿಮ್ಮತ್ತು ಎಷ್ಟು?

"ಅವನ ಮಾತಿಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ ಬಿಡಪ್ಪ" ಅನ್ನೋ ಮಾತು ನಮ್ಮ ಚಳ್ಳಕೆರೆ ಕಡೆ ಆಗಾಗ ಕಿವಿಗೆ ಬೀಳುತ್ತೆ. ಹಾಗಂತ ಕವಡೆಯನ್ನ ಯಾರೂ ತಿಪ್ಪೆಗೆ ಎಸೆಯಲ್ಲ. ಜಾತ್ರೆಗೆ ಹೊರಟ ಎತ್ತಿನ ಕೊರಳಲ್ಲಿ ಕವಡೆ, ಎಲ್ಲಮ್ಮನ ಜೋಗತಿಯ ಕೊರಳಲ್ಲಿ ಕವಡೆ ಸರ, ಗೊರವಯ್ಯನ ಮೈಮೇಲೂ ಕವಡೆ, ಜಗಲಿ ಮೇಲೆ ಚೌಕಾಬಾರ ಆಡೋಕೂ ಕವಡೆ. ಚಳ್ಳಕೆರೆ, ಮೊಳಕಾಲ್ಮುರು ಅಂದ್ರೆ ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳೋ ಸೀಮೆ. ಕಡಲು ಇಲ್ಲಿಂದ 200 ಕಿಲೋಮೀಟರಿಗೂ ದೂರ. ಕಡಲ ಪ್ರಾಣಿಯೊಂದರ ಚಿಪ್ಪು ಇಲ್ಲಿ ಗಾದೆಯೂ ಆಗಿ ದೇವರ ಒಡವೆಯೂ ಆಗಿ ಕೂತಿದೆ. ಅದೇ ಚಿಪ್ಪಿನ ಹೆಸರು ಇಂಗ್ಲಿಷಿಗೂ ಹೋಗಿದೆ.

ಮೊದಲು ಪದದ ಜಾಡು. ಸಂಸ್ಕೃತದಲ್ಲಿ ಇದು ಕಪರ್ದ, ಕಪರ್ದಿಕಾ. (ಕವಡೆಯ ಹಾಗೆ ಜಡೆ ಸುತ್ತಿ ಕಟ್ಟಿದ ಶಿವನಿಗೆ ಕಪರ್ದಿ ಅಂತ ಹೆಸರು.) ಹಿಂದಿಯಲ್ಲಿ ಕೌಡಿ, ನಮ್ಮಲ್ಲಿ ಕವಡೆ. ಆ ಕೌಡಿಯೇ 17ನೇ ಶತಮಾನದಲ್ಲಿ ಇಂಗ್ಲಿಷ್ ವ್ಯಾಪಾರಿಗಳ ಬಾಯಲ್ಲಿ ‘ಕೌರಿ’ ಆಯ್ತು. ನ್ಯೂಜಿಲೆಂಡಿನಲ್ಲಿ ‘ಕೌರಿ’ ಅಂತ ಒಂದು ದೈತ್ಯ ಮರವಿದೆ, ಅದು ಮಾವೊರಿ ಭಾಷೆಯ ಪದ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಬಳಕೆಯಲ್ಲಿ ಒಂದು ವ್ಯತ್ಯಾಸ ಗಮನಿಸಿ. ಇಂಗ್ಲಿಷಿನಲ್ಲಿ ಕೌರಿ ಅಂದ್ರೆ ಚಿಪ್ಪೂ ಹೌದು, ಅದರೊಳಗಿನ ಜೀವಂತ ಬಸವನಹುಳುವೂ ಹೌದು. 200ಕ್ಕೂ ಹೆಚ್ಚು ಜಾತಿಗಳಿರುವ ಒಂದಿಡೀ ಕುಟುಂಬಕ್ಕೆ ಅದೇ ಹೆಸರು. ನಮಗೆ ಕವಡೆ ಅಂದ್ರೆ ಬರೀ ಚಿಪ್ಪು. ಕಡಲು ಕಾಣದವರಿಗೆ ಹುಳದ ನೆನಪಾದರೂ ಎಲ್ಲಿಂದ ಬರಬೇಕು! ಕವಡೆಯ ಹೊಳಪು ಮಾತ್ರ ಆ ಹುಳದ್ದೇ ಕೆಲಸ. ಬದುಕಿರುವಾಗ ಅದು ತನ್ನ ಮೈಯ ಪೊರೆಯನ್ನು ಚಿಪ್ಪಿನ ಹೊರಗೂ ಹೊದಿಸಿಕೊಂಡಿರುತ್ತೆ, ಹಾಗಾಗಿ ಚಿಪ್ಪು ಸವೆಯದೆ ನುಣ್ಣಗೆ ಉಳಿಯುತ್ತೆ. ಇಟಲಿಯವರು ಕವಡೆಗೆ ‘ಪೋರ್ಚೆಲಾನಾ’ ಅಂತಿದ್ದರು. ಚೀನಾದ ಪಿಂಗಾಣಿಗೂ ಇದೇ ಹೊಳಪು ಕಂಡು ಅದಕ್ಕೂ ಆ ಹೆಸರೇ ಇಟ್ಟರು. ಇಂಗ್ಲಿಷಿನ ‘ಪೋರ್ಸಲಿನ್’ ಬಂದದ್ದು ಹೀಗೆ.

ಇನ್ನು ಕಿಮ್ಮತ್ತಿನ ಲೆಕ್ಕ. 1150ರ ಸುಮಾರಿಗೆ ಭಾಸ್ಕರಾಚಾರ್ಯರು ಬರೆದ ‘ಲೀಲಾವತಿ’ಯ ಶುರುವಿನಲ್ಲೇ ಕೋಷ್ಟಕ ಇದೆ: 20 ಕವಡೆಗೆ ಒಂದು ಕಾಕಿಣಿ, 4 ಕಾಕಿಣಿಗೆ ಒಂದು ಪಣ. ಆ ಪಣವೇ ಕನ್ನಡದಲ್ಲಿ ‘ಹಣ’ ಆದದ್ದು. ಅಂದ್ರೆ ಒಂದು ಹಣಕ್ಕೆ 80 ಕವಡೆ. ಬಂಗಾಳದಲ್ಲೂ ಪಣಕ್ಕೆ 80 ಕವಡೆಯೇ. 16 ಪಣಕ್ಕೆ ಒಂದು ಕಾಹನ, 4 ಕಾಹನಕ್ಕೆ ಒಂದು ರೂಪಾಯಿ. ಗುಣಿಸಿ ನೋಡಿ, ರೂಪಾಯಿಗೆ 5,120 ಕವಡೆ! ಈಗ ಬಾಂಗ್ಲಾದೇಶದಲ್ಲಿರುವ ಸಿಲ್ಹೆಟ್‌ನಲ್ಲಿ 18ನೇ ಶತಮಾನದ ಕೊನೆಯವರೆಗೂ ಕಂದಾಯವನ್ನೇ ಕವಡೆಯಲ್ಲಿ ಕಟ್ಟುತ್ತಿದ್ದರು. ದೋಣಿಗಟ್ಟಲೆ ಕವಡೆ ಢಾಕಾಕ್ಕೆ ಹೋಗುತ್ತಿತ್ತು.

ಇಷ್ಟೆಲ್ಲಾ ಕವಡೆ ಬರ್ತಿದ್ದದ್ದು ಮುಖ್ಯವಾಗಿ ಮಾಲ್ಡೀವ್ಸ್‌ನಿಂದ. 14ನೇ ಶತಮಾನದಲ್ಲಿ ಅಲ್ಲಿ ಇದ್ದ ಇಬ್ನ್ ಬತೂತ, ದ್ವೀಪದವರು ಕವಡೆ ಕೊಟ್ಟು ಬಂಗಾಳದಿಂದ ಅಕ್ಕಿ ತರಿಸಿಕೊಳ್ತಾರೆ ಅಂತ ಬರೆದಿದ್ದಾನೆ. ಆಮೇಲೆ ಡಚ್ಚರು, ಇಂಗ್ಲಿಷರು ಇದರೊಳಗೆ ಕೈ ಹಾಕಿದರು. ಹಿಂದೂ ಮಹಾಸಾಗರದ ಕವಡೆ ಆಮ್‌ಸ್ಟರ್‌ಡ್ಯಾಮ್, ಲಂಡನ್ನಿಗೆ ಹೋಗಿ ಹರಾಜಾಗಿ, ಅಲ್ಲಿಂದ ಪಶ್ಚಿಮ ಆಫ್ರಿಕಾಕ್ಕೆ ಹೋಯ್ತು. ಅದನ್ನ ಕೊಟ್ಟು ಕೊಂಡದ್ದು ಮನುಷ್ಯರನ್ನ. 18ನೇ ಶತಮಾನ ಒಂದರಲ್ಲೇ 10,000 ಟನ್ನಿಗೂ ಹೆಚ್ಚು, ಅಂದ್ರೆ ಸುಮಾರು ಸಾವಿರ ಕೋಟಿ ಕವಡೆ ಹೀಗೆ ಆಫ್ರಿಕಾ ಸೇರಿತು. ನಾವು ಏನೂ ಬೆಲೆಯಿಲ್ಲದ್ದು ಅಂತ ಬೈಯೋಕೆ ಬಳಸೋ ವಸ್ತು, ಅಲ್ಲಿ ಒಬ್ಬ ತಾಯಿಯ ಮಗನ ಬೆಲೆಯಾಗಿತ್ತು. ಬ್ರಿಟಿಷರು ತಮ್ಮ ಗುಲಾಮರ ವ್ಯಾಪಾರ ನಿಲ್ಲಿಸಿದ್ದು 1807ರಲ್ಲಿ.

ಕವಡೆಯ ಬೆಲೆ ಬಿದ್ದಾಗ ಸತ್ತದ್ದೂ ಬಡವನೇ. ಕಂಪನಿಯವರು 1803ರಲ್ಲಿ ಒಡಿಶಾ ಹಿಡಿದ ಮೇಲೆ ಕಂದಾಯ ಬೆಳ್ಳಿಯಲ್ಲೇ ಕಟ್ಟಬೇಕು ಅಂದರು. ರೈತರ ಕೈಲಿ ಇದ್ದದ್ದು ಕವಡೆ. ಕವಡೆ ಕೊಟ್ಟು ಬೆಳ್ಳಿ ಕೊಳ್ಳೋಕೆ ಹೋಗಿ ಸೋತರು, ಜಮೀನು ಕಳೆದುಕೊಂಡರು. 1817ರ ಪಾಯಿಕ ದಂಗೆಗೆ ಇದೂ ಒಂದು ಕಾರಣ. ಆಫ್ರಿಕಾದಲ್ಲಿ 1840ರ ದಶಕದಿಂದ ಜರ್ಮನ್ ವ್ಯಾಪಾರಿಗಳು ಜಾಂಜಿಬಾರ್ ಕಡೆಯ ಅಗ್ಗದ ಕವಡೆಯನ್ನು ಹಡಗುಗಟ್ಟಲೆ ತಂದು ಸುರಿದರು. ಕೂಡಿಟ್ಟವರ ಗಂಟೆಲ್ಲ ಬರೀ ಚಿಪ್ಪಾಯ್ತು.

ನಮ್ಮ ಸೀಮೆಗೆ ದೂರದ ಸರಕು ಹೊಸದಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರ್ ಉತ್ಖನನ ಮಾಡಿಸಿದಾಗ ಚಿಪ್ಪಿನ ಒಡವೆಗಳು ಸಿಕ್ಕಿದ್ದವು. ಅಲ್ಲೇ ಇರೋ, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನದ ಕೊನೆಗೆ ಚಪಡ ಅನ್ನೋ ಲಿಪಿಕಾರ ತನ್ನ ಕಸುಬಿನ ಹೆಸರನ್ನ ಗಾಂಧಾರ ಕಡೆಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅಷ್ಟು ದೂರದ ಅಕ್ಷರ ಎರಡು ಸಾವಿರ ವರ್ಷಕ್ಕೂ ಹಿಂದೆ ಬಂದಿತ್ತು ಅಂದ್ರೆ, ಘಟ್ಟದ ಕೆಳಗಿನ ಕವಡೆ ಹತ್ತಿ ಬರೋದೇನು ಮಹಾ.

ಇವತ್ತು ಕವಡೆ ಯಾವ ಬ್ಯಾಂಕಿನಲ್ಲೂ ನಡೆಯಲ್ಲ. ಆದ್ರೆ ಚೌಕಾಬಾರದ ಮನೆಯಲ್ಲಿ ನಡೆಯುತ್ತೆ. ನಾಲ್ಕೂ ಬಾಯಿ ಮೇಲೆ ಮಾಡಿ ಬಿದ್ರೆ ನಾಲ್ಕು, ನಾಲ್ಕೂ ಬೋರಲಾದ್ರೆ ಎಂಟು, ಜೊತೆಗೆ ಇನ್ನೊಂದು ಆಟ. (ನಮ್ಮ ಕಂಪ್ಯೂಟರ್ ಭಾಷೆಯಲ್ಲಿ ನಾಲ್ಕು ಬಿಟ್ ಅನ್ನಿ!) ಕಂಪನಿ ಸರ್ಕಾರ ಬೇಡ ಅಂದ ಮೇಲೂ ಎತ್ತಿನ ಕೊರಳಿಂದ, ಜೋಗತಿಯ ಸರದಿಂದ ಯಾರೂ ಕವಡೆ ಬಿಚ್ಚಿ ಹಾಕಲಿಲ್ಲ. ಅಲ್ಲಿ ಅದಕ್ಕೆ ಬೆಲೆ ಕಟ್ಟಿದ್ದು ಮಾರುಕಟ್ಟೆ ಅಲ್ಲವಲ್ಲ, ಅದಕ್ಕೇ ಬೆಲೆ ಬೀಳಲೂ ಇಲ್ಲ.

ನಿಮ್ಮ ಕಡೆ ಕವಡೆಗೆ ಏನಂತಾರೆ? ಬೇರೆ ಯಾವ ಆಟ, ಯಾವ ಗಾದೆ ಇದೆ? ಗೊತ್ತಿದ್ದವರು ಬರೀರಿ :-)