ವಾಡಿ: ಹಳಿ ಕೂಡಿದಲ್ಲಿ ನೆಲೆ ನಿಂತ ಊರು

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ವಾಡಿ ಒಂದು ರೈಲು ಜಂಕ್ಷನ್, ಸಿಮೆಂಟ್ ಕಾರ್ಖಾನೆಯ ನೆಲೆ, ಪುರಸಭೆಯುಳ್ಳ ಪಟ್ಟಣ. ಮುಂಬೈಯಿಂದ ಬೆಂಗಳೂರು, ಚೆನ್ನೈ ಅಥವಾ ಹೈದರಾಬಾದ್‌ಗೆ ರೈಲಿನಲ್ಲಿ ಓಡಾಡಿದವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಸ್ಟೇಷನ್ನಿನ ಆಚೆ ಇಳಿದು ಊರೊಳಗೆ ನಡೆದವರು ಕಡಿಮೆ. ಸುತ್ತಲಿನ ಬಹುತೇಕ ಊರುಗಳಿಗೆ ಶಾಸನವೋ ಕೋಟೆಯೋ ಗುಡಿಯೋ ಸಾಕ್ಷಿ ಹೇಳುತ್ತದೆ. ವಾಡಿಗೆ ಸಾಕ್ಷಿ ಅದರ ಜನವೇ. ಇಲ್ಲಿ ಮೊದಲು ಕೆಲಸ ಬಂತು, ಅದರ ಬೆನ್ನಿಗೆ ಜನ ಬಂದರು, ಜನ ನೆಲೆ ನಿಂತ ಮೇಲೆ ಊರಾಯಿತು. ಆದ್ದರಿಂದ ವಾಡಿಯ ಚರಿತ್ರೆಯನ್ನೂ ಜನಸಂಖ್ಯೆಯನ್ನೂ ಬೇರೆ ಬೇರೆಯಾಗಿ ಓದಲು ಬರುವುದಿಲ್ಲ.

ನೆಲ ಮತ್ತು ನೆಲೆ

ಕಲಬುರಗಿಯಿಂದ ಸುಮಾರು 40 ಕಿ.ಮೀ. ದೂರದಲ್ಲಿರುವ ವಾಡಿಯ ಸುತ್ತ ಕಣ್ಣು ಹಾಯುವಷ್ಟು ದೂರ ಬಯಲು. ಮರ ಕಡಿಮೆ, ಬಿಸಿಲು ಜಾಸ್ತಿ; ಬೇಸಿಗೆಯಲ್ಲಿ ಪಾರಾ 42 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಎರಿ ಹೊಲಗಳಲ್ಲಿ ತೊಗರಿ, ಜೋಳ, ಹೆಸರು, ಉದ್ದು ಬೆಳೆಯುತ್ತವೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ಇಂಥ ಹೊಲಗಳ ಬೆಳೆಯಿಂದ.

ಎರಿ ಮಣ್ಣಿನ ಕೆಳಗೆ ಇನ್ನೊಂದು ಸಂಪತ್ತಿದೆ. ಶಹಾಬಾದ್, ವಾಡಿ, ಚಿತ್ತಾಪುರ, ಮಳಖೇಡ, ಸೇಡಂ ಹಾದು ತೆಲಂಗಾಣದ ತಾಂಡೂರಿನವರೆಗೆ ಸುಣ್ಣಕಲ್ಲಿನ ಹಾಸು ಮಲಗಿದೆ. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾಸಮೂಹಕ್ಕೆ ಸೇರಿಸುತ್ತಾರೆ. ಕೋಟ್ಯಂತರ ವರ್ಷಗಳ ಹಿಂದೆ ನೀರಿನ ತಳದಲ್ಲಿ ಪದರ ಪದರವಾಗಿ ಕೂತ ಕಲ್ಲು ಇದು. ಮೇಲಿನ ಮಣ್ಣು ಹಳ್ಳಿಗಳನ್ನು ಸಾಕಿತು. ಕೆಳಗಿನ ಕಲ್ಲು ಪಟ್ಟಣಗಳನ್ನು ಕಟ್ಟಿತು. ಕಲಬುರಗಿ–ಸೇಡಂ ರಸ್ತೆಯ ಗುಂಡಗುರ್ತಿಯಂಥ ಊರುಗಳು ಹೊಲವನ್ನೇ ನಂಬಿ ಬೆಳೆದವು. ವಾಡಿಯ ಬೆಳವಣಿಗೆಗೆ ಹೊಲ ಕಾರಣವಲ್ಲ, ಹಳಿ ಮತ್ತು ಕಲ್ಲು ಕಾರಣ.

ಊರಿಗೂ ಮೊದಲಿನ ಸೀಮೆ

ಪಟ್ಟಣ ಹೊಸದಾದರೂ ಸೀಮೆ ಬಹಳ ಹಳೆಯದು. ಇದೇ ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ದಂಡೆಯ ಸನ್ನತಿಯಿದೆ. ಅಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ಆಗ ವಿಗ್ರಹದ ಪೀಠಕ್ಕೆ ಬಳಸಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಹತ್ತಿರದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನಡೆಸಿದ ಉತ್ಖನನದಲ್ಲಿ ದೊಡ್ಡ ಬೌದ್ಧ ಸ್ತೂಪದ ಅವಶೇಷಗಳು ಸಿಕ್ಕವು. ಅದರ ಒಂದು ಫಲಕದಲ್ಲಿ ‘ರಾಯ ಅಸೋಕೋ’ ಎಂಬ ಬರಹದೊಂದಿಗೆ ಅರಸನ ಚಿತ್ರವೇ ಇದೆ. ಆ ಫಲಕಗಳನ್ನು ಕೆತ್ತಿದ್ದು ಇಲ್ಲಿನ ಸುಣ್ಣಕಲ್ಲಿನಲ್ಲೇ.

ಚಿತ್ತಾಪುರಕ್ಕೆ ಅಂಟಿಕೊಂಡಿರುವ ನಾಗಾವಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನ. 1058ರ ಶಾಸನದಲ್ಲಿ ಅಲ್ಲಿ ವೇದ ಕಲಿಯುತ್ತಿದ್ದ 200 ವಿದ್ಯಾರ್ಥಿಗಳು, ಶಾಸ್ತ್ರ ಕಲಿಯುತ್ತಿದ್ದ 50 ಮಂದಿ, ಗ್ರಂಥ ಭಂಡಾರ ನೋಡಿಕೊಳ್ಳುತ್ತಿದ್ದ ಆರು ಸರಸ್ವತೀ ಭಂಡಾರಿಗರ ಲೆಕ್ಕ ಸಿಗುತ್ತದೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷನ ರಾಜಧಾನಿಯಾಗಿದ್ದ ಆ ನಗರವನ್ನು 972ರಲ್ಲಿ ಪರಮಾರ ಸೀಯಕ ಸೂರೆಗೊಂಡ. ಇಂದು ಅದು ಕಾಗಿಣಾ ದಂಡೆಯ ಒಂದು ಹಳ್ಳಿ. ಅಧಿಕಾರ ಸರಿದಾಗ ರಾಜಧಾನಿಯೂ ಹಳ್ಳಿಯಾಗಬಹುದು, ಕೆಲಸ ಬಂದಾಗ ಬಯಲೂ ಪಟ್ಟಣವಾಗಬಹುದು ಎಂಬುದಕ್ಕೆ ಮಳಖೇಡ ಮತ್ತು ವಾಡಿ ಎದುರುಬದುರಿನ ಉದಾಹರಣೆಗಳು.

1874: ಎರಡು ಹಳಿ ಕೂಡಿದ್ದು

ಮುಂಬೈಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ 1860ರಲ್ಲಿ ಸೋಲಾಪುರ ಮುಟ್ಟಿತು. ಅಲ್ಲಿಂದ ಕಲಬುರಗಿ, ಶಹಾಬಾದ್, ಯಾದಗಿರಿ ಹಾದು 1871ರಲ್ಲಿ ರಾಯಚೂರಿಗೆ ಬಂದು, ಮದ್ರಾಸ್ ಕಡೆಯಿಂದ ಬಂದ ಹಳಿಯನ್ನು ಕೂಡಿತು. ಹೀಗೆ ಮುಂಬೈ–ಮದ್ರಾಸ್ ಹೆದ್ದಾರಿಯಂಥ ಹಳಿ ನಿಜಾಮರ ಸೀಮೆಯನ್ನು ಸೀಳಿಕೊಂಡು ಹೋಯಿತು. ಆದರೆ ನಿಜಾಮರ ರಾಜಧಾನಿ ಹೈದರಾಬಾದ್ ಅದರಿಂದ ದೂರವೇ ಉಳಿಯಿತು.

ಆ ಕೊರತೆ ತುಂಬಲು ನಿಜಾಮ ಸರ್ಕಾರದ ಹಣದಲ್ಲಿ ಸಿಕಂದರಾಬಾದ್‌ನಿಂದ ಹಳಿ ಹಾಕಲಾಯಿತು. ಆಗಿನ ನಿಜಾಮ ಮಹಬೂಬ್ ಅಲಿ ಖಾನ್ ಇನ್ನೂ ಬಾಲಕ; ರಾಜ್ಯಭಾರ ದಿವಾನ ಸಾಲಾರ್ ಜಂಗ್ ಕೈಯಲ್ಲಿತ್ತು. ವಿಕಾರಾಬಾದ್, ತಾಂಡೂರು, ಸೇಡಂ, ಚಿತ್ತಾಪುರ ದಾಟಿ ಬಂದ ಆ ಹಳಿ ಮುಖ್ಯ ಹಾದಿಯನ್ನು ಸೇರಿದ್ದು ವಾಡಿಯಲ್ಲಿ. 1874ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ಅದೂ ಬ್ರಾಡ್‌ಗೇಜ್ ಹಳಿಯೇ ಆದ್ದರಿಂದ ಸರಕನ್ನು ಇಳಿಸಿ ಏರಿಸುವ ರಗಳೆ ಇರಲಿಲ್ಲ, ಬೋಗಿಗಳು ನೇರ ದಾಟುತ್ತಿದ್ದವು.

ಉಗಿಬಂಡಿಯ ಕಾಲದಲ್ಲಿ ಜಂಕ್ಷನ್ ಎಂದರೆ ದಿನದ ಇಪ್ಪತ್ನಾಲ್ಕು ತಾಸೂ ಕೈಕೆಲಸ. ಎಂಜಿನ್ನಿಗೆ ನೀರು ತುಂಬಬೇಕು, ಕಲ್ಲಿದ್ದಲು ಹಾಕಬೇಕು, ಬೂದಿ ತೆಗೆಯಬೇಕು. ಪಾಯಿಂಟ್ ತಿರುಗಿಸಬೇಕು, ಕೈಕಂಬಕ್ಕೆ ದೀಪ ಹಚ್ಚಬೇಕು. ಡ್ರೈವರ್, ಗಾರ್ಡ್ ಬದಲಾಗಬೇಕು. ಇವರೆಲ್ಲ ಹಳಿಯ ಹತ್ತಿರವೇ ಇರಬೇಕು. ಹೀಗೆ ಹುಟ್ಟಿದ್ದು ರೈಲ್ವೆ ಕ್ವಾರ್ಟರ್ಸು, ಅದರ ಸುತ್ತ ಕಿರಾಣಿ ಅಂಗಡಿ, ಚಹಾದಂಗಡಿ, ಹಮಾಲರ ಗುಡಿಸಲು. ಊರಿನ ಮೊದಲ ಪದರ ಇದು.

ಕಂಪನಿ ಗಡಿಯಿಂದ ರೈಲ್ವೆ ವಲಯದ ಗಡಿಗೆ

ವಾಡಿ ಎರಡು ಕಂಪನಿಗಳು ಕೂಡುವ ಜಾಗವಾಗಿತ್ತು. ನಿಜಾಮ ಸರ್ಕಾರ ತನ್ನ ರೈಲ್ವೆಯನ್ನು 1930ರಲ್ಲಿ ನೇರ ಕೈಗೆ ತೆಗೆದುಕೊಂಡಿತು. 1951ರಲ್ಲಿ ಎರಡೂ ಮಧ್ಯ ರೈಲ್ವೆಯಲ್ಲಿ ಒಂದಾದವು. 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದಾಗ ವಾಡಿ ಸೇರಿದ್ದ ಸೋಲಾಪುರ ವಿಭಾಗ ಅದಕ್ಕೆ ಹೋಯಿತು. 1977ರಲ್ಲಿ ಮತ್ತೆ ಮಧ್ಯ ರೈಲ್ವೆಗೆ ಮರಳಿತು. ಅಂದಿನಿಂದ ವಾಡಿ ಮತ್ತೆ ಗಡಿಯ ಊರಾಯಿತು. ಕಲಬುರಗಿಯನ್ನೇ ಕೇಂದ್ರವಾಗಿಟ್ಟು ರೈಲ್ವೆ ವಿಭಾಗ ಬೇಕೆಂಬ ಈ ಭಾಗದ ದೀರ್ಘ ಬೇಡಿಕೆಗೆ ಇದೇ ಹಿನ್ನೆಲೆ: ತಮ್ಮ ನೆಲದ ಹಳಿಗಳ ನಿರ್ಧಾರ ಸೋಲಾಪುರದಲ್ಲಿ, ಸಿಕಂದರಾಬಾದ್‌ನಲ್ಲಿ ಆಗುತ್ತದೆ ಎಂಬ ನೋವು.

ರಾಜ್ಯದ ಗಡಿಯೂ ಹೀಗೇ ಸರಿಯಿತು. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಬಂತು. ಆದರೆ ಅದರ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಅದುವರೆಗೆ ಒಂದೇ ಜಿಲ್ಲೆಯೊಳಗಿದ್ದ ವಾಡಿ–ತಾಂಡೂರು ಹಳಿ ಅಂದಿನಿಂದ ಎರಡು ರಾಜ್ಯಗಳದ್ದಾಯಿತು. ಬೀಗತನ, ಸಂತೆ, ಕೂಲಿಯ ಓಡಾಟ ಮಾತ್ರ ಇಂದಿಗೂ ನಿಂತಿಲ್ಲ.

ಪರಸಿ, ಸುಣ್ಣಕಲ್ಲು, ಸಿಮೆಂಟು

ಈ ಸೀಮೆಯ ಕಲ್ಲನ್ನು ದೇಶಕ್ಕೆ ಪರಿಚಯಿಸಿದ್ದು ಶಹಾಬಾದ್ ಪರಸಿ. ಖಣಿಯಲ್ಲಿ ಮೇಲಿನ ಮಣ್ಣು ಸರಿಸಿದರೆ ಹಾಸಿದಂತೆ ಸಪಾಟಾದ ಬಂಡೆ ಕಾಣುತ್ತದೆ. ಕೆಲಸಗಾರ ಅದರ ಮೇಲೆ ಗೆರೆ ಹಾಕಿ, ಅಂಚಿನ ಸಂದಿಗೆ ಉಳಿಯಿಟ್ಟು ಸುತ್ತಿಗೆಯಿಂದ ಒಂದೇ ಹದದಲ್ಲಿ ಬಡಿಯುತ್ತ ಹೋಗುತ್ತಾನೆ. ಸದ್ದು ಬದಲಾದರೆ ಪದರ ಬಿಟ್ಟಿತೆಂದು ಅರ್ಥ. ಆಗ ಹಾರೆಯಿಂದ ಮೀಟಿದರೆ ಒಂದೆರಡು ಇಂಚು ದಪ್ಪದ ಹಾಸುಗಲ್ಲು ಇಡಿಯಾಗಿ ಏಳುತ್ತದೆ. ಈ ಭಾಗದ ಮನೆಗಳಲ್ಲಿ ನೆಲಕ್ಕೂ ಅದೇ, ಗೋಡೆಗೂ ಅದೇ, ಮಾಳಿಗೆಗೂ ಅದೇ. ಹೊಲದ ಬೇಲಿ, ಬಟ್ಟೆ ಒಗೆಯುವ ಕಲ್ಲು, ಕಟ್ಟೆ ಎಲ್ಲವೂ ಪರಸಿಯೇ.

ಅದೇ ಕಲ್ಲು ಸಿಮೆಂಟಿಗೂ ಬೇಕಾಯಿತು. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಅಸೋಸಿಯೇಟೆಡ್ ಸಿಮೆಂಟ್ ಕಂಪನೀಸ್, ಅಂದರೆ ಎಸಿಸಿ ಆದಾಗ, ಶಹಾಬಾದ್ ಸಿಮೆಂಟ್ ಕಂಪನಿಯೂ ಅವುಗಳಲ್ಲಿ ಒಂದಾಗಿತ್ತು. ವಾಡಿಯಲ್ಲಿ ಎಸಿಸಿ ಕಾರ್ಖಾನೆ 1968ರಲ್ಲಿ ಶುರುವಾಯಿತು. ಜಾಗದ ಆಯ್ಕೆಗೆ ಕಾರಣ ಸರಳ: ಅರೆದರೆ ಸಿಮೆಂಟಾಗುವ ಕ್ಲಿಂಕರ್ ಒಂದು ಟನ್ ಆಗಲು ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕು, ಆದ್ದರಿಂದ ಕಾರ್ಖಾನೆ ಕಲ್ಲಿನ ಬಳಿಗೇ ಬರಬೇಕು. ಗೂಡನ್ನು 1,450 ಡಿಗ್ರಿಯಷ್ಟು ಕಾಯಿಸಲು ಕಲ್ಲಿದ್ದಲು ಬೇಕು. ಅದು ರೈಲಿನಲ್ಲಿ ಬರಬೇಕು. ಸಿಮೆಂಟು ನಾಲ್ಕು ದಿಕ್ಕಿಗೆ ಹೋಗಬೇಕು, ಅದಕ್ಕೂ ರೈಲೇ. ಕಲ್ಲು, ಜಂಕ್ಷನ್ ಎರಡೂ ಒಂದೇ ಕಡೆ ಸಿಕ್ಕಿದ್ದು ವಾಡಿಯಲ್ಲಿ.

2001ರಲ್ಲಿ ಇಲ್ಲಿ ವರ್ಷಕ್ಕೆ 26 ಲಕ್ಷ ಟನ್ ಸಾಮರ್ಥ್ಯದ ಹೊಸ ಘಟಕ ಬಂತು. ಆಗ ದೇಶದಲ್ಲೇ ಅದು ಅತಿ ದೊಡ್ಡದು. ಬಳ್ಳಾರಿ ಬಳಿಯ ಕುಡತಿನಿ, ಚಿಕ್ಕಬಳ್ಳಾಪುರ ಜಿಲ್ಲೆಯ ತೊಂಡೇಭಾವಿಯ ಅರೆಯುವ ಘಟಕಗಳಿಗೆ ವಾಡಿಯ ಕ್ಲಿಂಕರ್ ಹೋಗುತ್ತದೆ. ಕಂಪನಿಯ ಒಡೆತನ 2005ರಲ್ಲಿ ಸ್ವಿಟ್ಜರ್‌ಲೆಂಡಿನ ಹೋಲ್ಸಿಂ ಕೈಗೆ, 2022ರಲ್ಲಿ ಅದಾನಿ ಸಮೂಹಕ್ಕೆ ಹೋಯಿತು. ಊರಿನವರ ಬಾಯಲ್ಲಿ ಅದು ಇಂದಿಗೂ ‘ಎಸಿಸಿ’.

ಜನ ಬಂದ ಬಗೆ

ರೈಲ್ವೆಯ ಜೊತೆ ಮರಾಠಿ, ತೆಲುಗು, ತಮಿಳು ಮಾತಿನ ಕುಟುಂಬಗಳು ಬಂದವು. ಸುತ್ತಲಿನ ಹಳ್ಳಿಗಳಿಂದ ಕನ್ನಡ, ಉರ್ದು ಮಾತಿನವರು ಬಂದರು. ಕಲ್ಲಿನ ಖಣಿಗೆ, ಸಿಮೆಂಟ್ ಕಾರ್ಖಾನೆಗೆ ತಾಂಡಾಗಳ ಲಂಬಾಣಿ ಜನ, ಹೊಲವಿಲ್ಲದ ದಲಿತ ಕೂಲಿಕಾರರು ಬಂದರು. ಜಾತಿ ನೋಡಿ ಕೆಲಸ ಹಂಚುವ ಹಳ್ಳಿಯಿಂದ, ಪಾಳಿ ನೋಡಿ ಕೆಲಸ ಹಂಚುವ ಕಾರ್ಖಾನೆಗೆ ಬಂದದ್ದು ಹಲವು ಕುಟುಂಬಗಳಿಗೆ ಬದುಕಿನ ದೊಡ್ಡ ತಿರುವು. ತಿಂಗಳ ಸಂಬಳ, ಮಕ್ಕಳಿಗೆ ಶಾಲೆ, ಸಂಘಟನೆಯ ಬಲ ಇಲ್ಲಿ ಸಿಕ್ಕವು. ಡಾ. ಬಿ.ಆರ್. ಅಂಬೇಡ್ಕರ್ 1945ರಲ್ಲಿ ವಾಡಿಗೆ ಬಂದದ್ದನ್ನು ಊರು ಪ್ರತಿ ಏಪ್ರಿಲ್‌ನಲ್ಲಿ ಸಂಭ್ರಮದಿಂದ ನೆನೆಯುತ್ತದೆ. ಪಕ್ಕದ ಹಲಕಟ್ಟಾ ದರ್ಗಾದ ಉರುಸಿಗೆ ದೂರದ ಊರುಗಳಿಂದ ಭಕ್ತರು ಇದೇ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ.

ಬರುವ ಹಾದಿಯೇ ಹೋಗುವ ಹಾದಿಯೂ ಹೌದು. ಮಳೆ ಕೈಕೊಟ್ಟ ವರ್ಷ ಸುತ್ತಲಿನ ಹಳ್ಳಿ, ತಾಂಡಾಗಳ ಜನ ಮುಂಬೈ, ಪುಣೆ, ಹೈದರಾಬಾದ್‌ಗೆ ದುಡಿಯಲು ಗುಳೆ ಹೋಗುತ್ತಾರೆ. ಗಂಟುಮೂಟೆ, ಮಕ್ಕಳೊಂದಿಗೆ ಅವರು ಗಾಡಿ ಕಾಯುವುದೂ ಇದೇ ಪ್ಲಾಟ್‌ಫಾರ್ಮಿನಲ್ಲಿ.

ಎಣಿಕೆಯಲ್ಲಿ ವಾಡಿ

ಹೈದರಾಬಾದ್ ಸಂಸ್ಥಾನದ ಮೊದಲ ಜನಗಣತಿ ನಡೆದದ್ದು 1881ರಲ್ಲಿ, ಜಂಕ್ಷನ್ ಆಗಿ ಏಳು ವರ್ಷದ ಮೇಲೆ. ಅದಕ್ಕೆ ತುಸು ಮುಂಚೆ, 1876–78ರಲ್ಲಿ, ದಖ್ಖನ್ ಪೂರ್ತಿ ಭೀಕರ ಬರ ಕಂಡಿತ್ತು. 1911ರಿಂದ 1921ರ ನಡುವೆ ಸಂಸ್ಥಾನದ ಜನಸಂಖ್ಯೆ 1 ಕೋಟಿ 33 ಲಕ್ಷದಿಂದ 1 ಕೋಟಿ 24 ಲಕ್ಷಕ್ಕೆ ಇಳಿಯಿತು. ಇನ್‌ಫ್ಲುಯೆಂಜಾ ಸಾಂಕ್ರಾಮಿಕವೂ ಅಭಾವವೂ ಕೂಡಿ ಬಂದ ದಶಕ ಅದು. ಆಮೇಲಿನ ದಶಕಗಳಲ್ಲಿ ಏರಿಕೆ ನಿಲ್ಲಲಿಲ್ಲ. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಜನಸಂಖ್ಯೆ 25 ಲಕ್ಷ 66 ಸಾವಿರ. ಮೂರರಲ್ಲಿ ಒಂದು ಪಾಲು ಪಟ್ಟಣವಾಸಿಗಳು. ನಾಲ್ಕರಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರು.

ಜನಗಣತಿಯ ಪುಸ್ತಕದಲ್ಲಿ ವಾಡಿಯನ್ನು ಹುಡುಕುವವರು ಒಂದು ಸಂಗತಿ ಗಮನಿಸಬೇಕು. 2001ರ ಪಟ್ಟಿಯಲ್ಲಿ ‘ವಾಡಿ’ ಒಂದು ಪಟ್ಟಣ, ‘ವಾಡಿ ಎಸಿಸಿ’ ಇನ್ನೊಂದು. ಶಹಾಬಾದ್‌ನದೂ ಇದೇ ಕತೆ. ಕಾರ್ಖಾನೆಯ ಕಾಲೊನಿಯನ್ನು ಬೇರೆ ಪಟ್ಟಣವಾಗಿ ಎಣಿಸಿದ್ದರಿಂದ ಒಂದೇ ಊರಿನ ಜನ ಎರಡು ಸಾಲುಗಳಲ್ಲಿ ಹಂಚಿಹೋದರು. ಒಂದೇ ಸಾಲನ್ನು ನೋಡಿದವರಿಗೆ ಊರು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಎರಡು ಸಾಲುಗಳ ಹಿಂದೆ ಎರಡು ಬಗೆಯ ಬದುಕೂ ಇದೆ. ಕಾಲೊನಿಯ ನೀರು, ದೀಪ, ರಸ್ತೆ ಕಂಪನಿಯ ಜವಾಬ್ದಾರಿ. ಊರಿನ ಓಣಿಗಳದ್ದು ಪುರಸಭೆಯ ಜವಾಬ್ದಾರಿ. ರೈಲ್ವೆ ಕ್ವಾರ್ಟರ್ಸು ಮೂರನೆಯ ಲೆಕ್ಕ.

ಇಂದು, ಮುಂದೆ

2018ರಲ್ಲಿ ಶಹಾಬಾದ್, ಕಾಳಗಿ ಹೊಸ ತಾಲ್ಲೂಕುಗಳಾದವು. ವಾಡಿ ಚಿತ್ತಾಪುರ ತಾಲ್ಲೂಕಿನಲ್ಲೇ ಉಳಿಯಿತು. ಗದಗ–ವಾಡಿ ಹೊಸ ರೈಲು ಮಾರ್ಗ ಪೂರ್ತಿಯಾದರೆ ಕುಷ್ಟಗಿ, ಲಿಂಗಸುಗೂರು, ಸುರಪುರ, ಶಹಾಪುರ ಕಡೆಯ ಜನಕ್ಕೆ ಇದು ಹೆಬ್ಬಾಗಿಲಾಗುತ್ತದೆ. 150 ವರ್ಷ ಮುಂಬೈ, ಹೈದರಾಬಾದ್, ಮದ್ರಾಸುಗಳತ್ತ ಮುಖಮಾಡಿದ್ದ ಜಂಕ್ಷನ್ನಿಗೆ ಮೊದಲ ಸಲ ಕನ್ನಡನಾಡಿನ ಒಳಭಾಗದ ಕಡೆ ನೇರ ಹಳಿ ಸಿಗುತ್ತದೆ.

ಯಂತ್ರಗಳು ದೊಡ್ಡದಾದಂತೆ ಕೈಕೆಲಸ ಕಡಿಮೆಯಾಗುವುದು, ದೂಳು, ನೀರಿನ ಅಭಾವ, ಖಣಿ ಮುಗಿದ ಮೇಲೆ ಉಳಿಯುವ ತಗ್ಗು: ಇವು ಊರಿನ ಮುಂದಿರುವ ಪ್ರಶ್ನೆಗಳು. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿ ಈ ಭಾಗದವರಿಗೆ ಓದು, ಸರ್ಕಾರಿ ನೌಕರಿಗಳಲ್ಲಿ ಮೀಸಲು ಕೊಟ್ಟಿದೆ. ಕಾರ್ಖಾನೆಯ ಆಚೆಗೂ ದಾರಿ ಹುಡುಕುವ ವಾಡಿಯ ಯುವಜನರಿಗೆ ಅದು ದೊಡ್ಡ ಆಸರೆ.

2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ 2027ಕ್ಕೆ ನಿಗದಿಯಾಗಿದೆ. ಜನಗಣತಿಯು ತಲೆ ಎಣಿಸುವುದರ ಜೊತೆಗೆ ಹುಟ್ಟಿದ ಊರು, ಹಿಂದೆ ಇದ್ದ ಊರು, ಬಿಟ್ಟು ಬಂದ ಕಾರಣ, ಬಂದು ಎಷ್ಟು ವರ್ಷವಾಯಿತು ಎಂಬುದನ್ನೂ ಕೇಳುತ್ತದೆ. ವಾಡಿಯ ಮಟ್ಟಿಗೆ ಆ ಕಾಲಂಗಳು ಒಟ್ಟು ಸಂಖ್ಯೆಗಿಂತ ಮುಖ್ಯ. ಅಜ್ಜ ಬೇರೆ ಊರಿನಿಂದ ಬಂದ, ಅಪ್ಪ ಇಲ್ಲಿ ದುಡಿದ, ಮೊಮ್ಮಗ ಇಲ್ಲೇ ಹುಟ್ಟಿದ ಎಂಬ ಮನೆಗಳು ಎಷ್ಟಿವೆ ಎಂದು ಅವು ಹೇಳಬಲ್ಲವು. ಅಂಥ ಮನೆಗಳ ಲೆಕ್ಕವನ್ನು ಎದುರಿಗಿಟ್ಟುಕೊಂಡೇ ವಾಡಿಯ ನೀರು, ಶಾಲೆ, ದವಾಖಾನೆ, ನೌಕರಿಗಳ ಯೋಜನೆ ಆಗಬೇಕು. ದುಡಿಯಲು ಬಂದವರ ತಂಗುದಾಣ ಎಂದು ನೋಡುತ್ತಿದ್ದ ಕಾಲ ಮುಗಿದಿದೆ. ಮೂರು ತಲೆಮಾರು ನೆಲೆ ನಿಂತ ಊರಿಗೆ ಊರಿನ ಹಕ್ಕೆಲ್ಲವೂ ಸಲ್ಲಬೇಕು.