ಬಳ್ಳಾರಿಯಲ್ಲಿ ಒಂದು ರಾತ್ರಿ

ತುಬಚಿಯ ಶಾಲೆಯಲ್ಲಿ ಕುಳಿತು ಇದನ್ನು ಓದುತ್ತಿರುವವರು ಗೋಡೆಯ ಮೇಲಿನ ಭಾರತದ ನಕ್ಷೆಯ ಹತ್ತಿರ ಹೋಗಿ. ಮುಂಬಯಿಯಿಂದ ಬಳ್ಳಾರಿಗೆ ಅಳತೆಪಟ್ಟಿ ಇಟ್ಟು ಗೆರೆ ಎಳೆಯಿರಿ. ಅದು ಕೃಷ್ಣೆಯನ್ನು ದಾಟಿ ನಿಮ್ಮ ಜಮಖಂಡಿಯ ಸಮೀಪದಲ್ಲೇ ಹಾದುಹೋಗುತ್ತದೆ. 1932ರಲ್ಲಿ ಟಾಟಾ ಕಂಪನಿಯ ಅಂಚೆ ವಿಮಾನಕ್ಕೆ ಗೊತ್ತುಮಾಡಿದ್ದು ಈ ದಿಕ್ಕನ್ನೇ.

ಆಗ ಲಂಡನ್ನಿನ ಅಂಚೆಯನ್ನು ಇಂಪೀರಿಯಲ್ ಏರ್‌ವೇಸ್ ಕರಾಚಿಯವರೆಗೆ ತರುತ್ತಿತ್ತು. ಮುಂದೆ ಮದರಾಸಿಗೆ ಮುಟ್ಟಿಸುವ ಹೊಣೆ ಟಾಟಾ ಅವರದು. ಅಕ್ಟೋಬರ್ 15ರ ಬೆಳಿಗ್ಗೆ 6-35ಕ್ಕೆ ಜೆ.ಆರ್.ಡಿ. ಟಾಟಾ ಒಬ್ಬರೇ ಪಸ್ ಮಾತ್ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಕರಾಚಿ ಬಿಟ್ಟರು. ಅಹಮದಾಬಾದಿನಲ್ಲಿ ಇಳಿದು ಪೆಟ್ರೋಲ್ ತುಂಬಿಸಿಕೊಂಡರು. ಆ ಪೆಟ್ರೋಲ್ ಡಬ್ಬಿಗಳು ಬಂದದ್ದು ಎತ್ತಿನ ಗಾಡಿಯಲ್ಲಿ! ಮಧ್ಯಾಹ್ನ 1-50ಕ್ಕೆ ಮುಂಬಯಿಯ ಜುಹು ಬಯಲು. ಅಲ್ಲಿಂದ ಅಂಚೆ ಚೀಲಗಳನ್ನು ಹೊತ್ತು ಹಾರಿದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್.

ಈಗ ಲೆಕ್ಕ ಹಾಕಿ. ಕರಾಚಿಯಿಂದ ಮುಂಬಯಿಗೆ ಅಹಮದಾಬಾದಿನ ಮೂಲಕ ಸುಮಾರು 1,040 ಕಿ.ಮೀ., ಬಳ್ಳಾರಿಗೆ ಇನ್ನು 610, ಅಲ್ಲಿಂದ ಮದರಾಸಿಗೆ 430. ಗಂಟೆಗೆ 160 ಕಿ.ಮೀ. ವೇಗವೆಂದರೆ ಹದಿಮೂರು ಗಂಟೆ ಸಾಕು. ಆದರೆ ವಿಮಾನ ಮದರಾಸು ತಲುಪಿದ್ದು ಮರುದಿನ. ರೇಡಿಯೋ ಇಲ್ಲ, ಕತ್ತಲಲ್ಲಿ ದಾರಿ ತೋರುವ ದೀಪಗಳಿಲ್ಲ; ಆದ್ದರಿಂದ ವಿನ್ಸೆಂಟ್, ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯಲ್ಲಿ ರಾತ್ರಿ ತಂಗಲೇಬೇಕಾಯಿತು. ನಾನು ವಿಜ್ಞಾನ ಓದಿದವನು. ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ಸಿಗುತ್ತದೆಂದು ಬಾಯಿಪಾಠ ಮಾಡಿದ್ದೆ. ಆ ಸೂತ್ರದಲ್ಲಿ ರಾತ್ರಿಗೆ ಜಾಗವೇ ಇರಲಿಲ್ಲ.

ಇನ್ನೊಂದು ತಮಾಷೆ ನೋಡಿ. ಮುಂಬಯಿ ಬಿಟ್ಟ ಎರಡೂವರೆ ಗಂಟೆಯಲ್ಲಿ ವಿಮಾನ ಜಮಖಂಡಿ ಸೀಮೆಗೆ ಬಂದೀತು. ಆದರೆ ಅದು ಅಲ್ಲಿ ಇಳಿಯುವುದಿಲ್ಲವಲ್ಲ! ಲಂಡನ್ನಿನಿಂದ ಹಾರುತ್ತಾ ಬಂದ ಕಾಗದ ಕೂಡ ಮುಂಬಯಿಯಿಂದ ನಿಮ್ಮ ಊರಿಗೆ ಬರಲು ರೈಲನ್ನೂ ರಸ್ತೆಯನ್ನೂ ನಂಬಬೇಕಿತ್ತು.

2021ಕ್ಕೆ ಬನ್ನಿ. ಜನವರಿ 9ರ ರಾತ್ರಿ 8-30ಕ್ಕೆ ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ಮುಂದಾಳತ್ವದಲ್ಲಿ ಅದನ್ನು ನಡೆಸಿದವರೆಲ್ಲ ಮಹಿಳೆಯರೇ. ಎಲ್ಲೂ ಇಳಿಯದೆ, ಉತ್ತರ ಧ್ರುವದ ಮೇಲಿನಿಂದ ಹಾದು, ಸುಮಾರು 17 ಗಂಟೆಯಲ್ಲಿ ಬೆಂಗಳೂರಿಗೆ ಬಂತು. ಈ ಎರಡು ಊರುಗಳ ನೇರ ದೂರ ಸುಮಾರು 14,000 ಕಿ.ಮೀ. ಧ್ರುವದ ಕಡೆ ಹೋದದ್ದು ಸುತ್ತುದಾರಿ ಎನಿಸಿದರೆ, ಭೂಗೋಳದ ಮೇಲೆ ಎರಡೂ ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ನೋಡಿ. ದಾರ ತಾನಾಗಿಯೇ ಧ್ರುವದ ಬಳಿಗೆ ಸರಿಯುತ್ತದೆ.

ವಿಮಾನ ಇಳಿದದ್ದು 11ರ ನಸುಕಿನಲ್ಲಿ. 10ನೇ ತಾರೀಖು ಎಲ್ಲಿ ಹೋಯಿತು? ಚಳಿಗಾಲದಲ್ಲಿ ನಮ್ಮ ಗಡಿಯಾರ ಆ ಊರಿಗಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಉಳಿದದ್ದನ್ನು ನೀವೇ ಕೂಡಿಸಿ.

ಆ ವಿಮಾನದಲ್ಲಿ ತುಬಚಿಯ ಕಡೆಯವರೊಬ್ಬರು ಇದ್ದರೆಂದೇ ಇಟ್ಟುಕೊಳ್ಳಿ. ಬೆಂಗಳೂರಿನಿಂದ ಊರಿಗೆ ಇನ್ನೂ 500 ಕಿ.ಮೀ.ಗೂ ಹೆಚ್ಚು ದಾರಿ. ಹಗಲೆಲ್ಲ ಕಾದು, ಅವರು ಸಂಜೆ ಜಮಖಂಡಿಯ ರಾತ್ರಿ ಬಸ್ಸು ಹತ್ತಬೇಕು.